ಹಬ್ಬದ ನಾಣ್ಯವೂ ಒಡೆಯನ ಕೊಳಗವೂ

ಕಳೆದ ದೀಪಾವಳಿಯ ಹೊತ್ತಿನಲ್ಲಿ ಒಂದು ದಿನ ಬೆಳಿಗ್ಗೆ ನಾವು ಭದ್ರಾವತಿಯ ರಂಗಪ್ಪ ವೃತ್ತದ ಬಳಿಯ ಚಹಾದಂಗಡಿಯಲ್ಲಿ ಚಂದಾ ಪುಸ್ತಕ ಹಿಡಿದು ಕುಳಿತಿದ್ದೆವು. ಪಕ್ಕದ ಬೆಂಚಿನ ಮೇಲೆ ಇಬ್ಬರು ತರುಣರು. ಇಬ್ಬರ ಕಣ್ಣೂ ಕೆಂಪಾಗಿದ್ದುವು, ಇಬ್ಬರ ಕೈಯಲ್ಲೂ ಫೋನು.

"ಎಷ್ಟಾಯ್ತೋ?"

"ಏಳ್ನೂರ ಅರವತ್ತು. ಇನ್ನೂ ಇನ್ನೂರ ನಲವತ್ತು ಬೇಕು. ಇವತ್ತು ರಾತ್ರಿ ಹನ್ನೆರಡಕ್ಕೆ ಕ್ಲೋಸ್."

"ಮಧ್ಯಾಹ್ನ ಡ್ಯೂಟಿ ಇದೆಯಲ್ಲೋ?"

"ರಜಾ ಹಾಕ್ತೀನಿ."

ಯಾವುದೋ ಚೀಟಿ ವ್ಯವಹಾರದ ಕಂತು ಬಾಕಿ ಇರಬೇಕೆಂದು ನಾವು ತಿಳಿದೆವು. ಕೇಳಿದಾಗ ಹುಡುಗ ನಕ್ಕ. "ಚೀಟಿ ಅಲ್ಲ ಮೇಷ್ಟ್ರೇ, ಗೇಮಿಂದು. ಹಬ್ಬದ ಟೋಕನ್ನು. ಫಾರ್ಮಿಂಗ್ ಮಾಡ್ತಿದೀವಿ."

ಫಾರ್ಮಿಂಗ್ ಎಂದರೆ ಬೇಸಾಯ! ಕಾಗದದ ಕಾರ್ಖಾನೆಯಲ್ಲಿ ದುಡಿದ ತಂದೆಯ ಮಗ, ಈಗ ಮಾಚೇನಹಳ್ಳಿಯ ಕಡೆ ಗುತ್ತಿಗೆಯ ಮೇಲೆ ಕೆಲಸ ಮಾಡುವವನು, ಒಂದು ಗುಂಟೆ ನೆಲವಿಲ್ಲದವನು, ಬೇಸಾಯ ಮಾಡುತ್ತಿದ್ದಾನಂತೆ. ನೆಲ ಯಾರದು, ಬೆಳೆ ಯಾರದು, ಗೇಣಿ ಎಷ್ಟು ಎಂದು ಕೇಳುವುದು ಈ ಜಿಲ್ಲೆಯ ಸಮಾಜವಾದಿಗಳಿಗೆ ಹಳೆಯ ಅಭ್ಯಾಸ. ನಾವು ಕೇಳಿದೆವು. ಹುಡುಗ ಹೇಳಿದ ಲೆಕ್ಕವನ್ನು ಓದುಗರ ಮುಂದೆ ಇಡುತ್ತಿದ್ದೇವೆ. ಇದು ಹುಡುಗಾಟಿಕೆಯ ವಿಷಯ, ಪಕ್ಷದ ಪತ್ರಿಕೆಗೆ ಇದೇಕೆ ಎನ್ನುವವರು ಲೆಕ್ಕವನ್ನು ಕೊನೆಯವರೆಗೆ ನೋಡಿ ಆಮೇಲೆ ಮಾತನಾಡಲಿ.

ಬೇಸಾಯದ ಲೆಕ್ಕ

ಹಬ್ಬ ಬಂತೆಂದರೆ ಈ ಆಟದ ಕಂಪನಿಗಳು ತಮ್ಮ ಆಟದೊಳಗೊಂದು ಜಾತ್ರೆ ಕಟ್ಟುತ್ತವೆ. ದೀಪಾವಳಿಗೊಂದು, ಹೋಳಿಗೊಂದು, ಹೊಸ ವರ್ಷಕ್ಕೊಂದು. ಜಾತ್ರೆಗೆ ಅದರದೇ ನಾಣ್ಯ ಉಂಟು. ಅದು ಬೇರೆಲ್ಲೂ ಚಲಾವಣೆಯಾಗದು, ಜಾತ್ರೆ ಮುಗಿದ ಮೇಲೆ ಅಲ್ಲಿಯೂ ಆಗದು. ಉಳಿದದ್ದು ಒಂದೋ ಮಾಯವಾಗುತ್ತದೆ, ಇಲ್ಲವೇ ಕವಡೆ ಕಾಸಿನ ದರದಲ್ಲಿ ಬೇರೊಂದು ನಾಣ್ಯವಾಗುತ್ತದೆ. ಆ ನಾಣ್ಯ ಕೊಟ್ಟು ಕೊಳ್ಳುವುದಾದರೂ ಏನನ್ನು? ಆಟದೊಳಗಿನ ಬೊಂಬೆಗೊಂದು ಅಂಗಿಯನ್ನು, ಬಂದೂಕಿಗೊಂದು ಬಣ್ಣವನ್ನು.

ನಮ್ಮ ಹುಡುಗನಿಗೆ ಬೇಕಾಗಿದ್ದ ಅಂಗಿಯ ಬೆಲೆ 1,000 ಟೋಕನ್. ಜಾತ್ರೆ 21 ದಿನ. ಪ್ರತಿದಿನವೂ ಹಾಜರಿ ಹಾಕಿ ಅಂದಂದಿನ ಕೆಲಸ ಮುಗಿಸಿದರೆ 40 ಟೋಕನ್. ಅದಕ್ಕೆ ಸುಮಾರು 2 ಗಂಟೆ ಹಿಡಿಯುತ್ತದೆ. ಒಂದು ದಿನವೂ ತಪ್ಪದೆ ದುಡಿದರೂ 21 ದಿನಕ್ಕೆ 840. ಅಂದರೆ ನಿತ್ಯದ ಕೆಲಸವನ್ನೆಲ್ಲ ಚಾಚೂ ತಪ್ಪದೆ ಮಾಡಿದವನಿಗೂ 160 ಕಡಮೆ! ಈ ಕೊರತೆ ಲೆಕ್ಕದಲ್ಲಿ ಆದ ತಪ್ಪಲ್ಲ. ಲೆಕ್ಕ ಹಾಕಿ ಇಟ್ಟ ಕೊರತೆ ಅದು. ನಮ್ಮ ಹುಡುಗ ಜೋಡಿ ಪಾಳಿ ಮಾಡಿದ ಒಂದು ದಿನ ಹಾಜರಿ ತಪ್ಪಿಸಿದ್ದ. ಆದುದರಿಂದ 20 ದಿನ ಕಳೆದಾಗ ಅವನ ಕೈಯಲ್ಲಿದ್ದುದು 760. ಕೊನೆಯ ದಿನದ 40 ಸೇರಿದರೆ 800. ಉಳಿದ 200ಕ್ಕೆ ಅವನ ಮುಂದೆ ಎರಡು ದಾರಿ.

ಮೊದಲ ದಾರಿ ದುಡಿಮೆಯದು. ನಿತ್ಯದ ಕೆಲಸ ಮುಗಿದ ಮೇಲೂ ಆಡುತ್ತ ಹೋದರೆ ಒಂದು ಪಂದ್ಯಕ್ಕೆ 5 ಟೋಕನ್ ದೊರೆಯುತ್ತದೆ. 200 ಟೋಕನ್ನಿಗೆ 40 ಪಂದ್ಯ. ಪಂದ್ಯಕ್ಕೆ 20 ನಿಮಿಷವೆಂದರೆ 800 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ಇದಕ್ಕಾಗಿಯೇ ಅವನು ಆ ದಿನದ ಪಾಳಿಗೆ ರಜಾ ಹಾಕಲು ಹೊರಟಿದ್ದುದು. ಗುತ್ತಿಗೆಯವನಿಗೆ ರಜೆ ಎಂದರೆ ಕೂಲಿ ಖೋತಾ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ದಾರಿ ಕಾಸಿನದು. ಕೊರತೆಯನ್ನು ದುಡ್ಡು ಕೊಟ್ಟು ತುಂಬಿಕೊಳ್ಳಬಹುದು. ಆದರೆ ರೂಪಾಯಿ ಕೊಟ್ಟು ನೇರವಾಗಿ ಟೋಕನ್ ಕೊಳ್ಳುವ ಹಾಗಿಲ್ಲ. ರೂಪಾಯಿಗೆ ಮೊದಲು ಇನ್ನೊಂದು ಜಾತಿಯ ನಾಣ್ಯವನ್ನು ಕಟ್ಟುಕಟ್ಟಾಗಿ ಕೊಳ್ಳಬೇಕು. ಆ ನಾಣ್ಯಕ್ಕೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಟೋಕನ್. ಬೇಕಾದಷ್ಟೇ ಕೊಳ್ಳುವಂತಿಲ್ಲ, ಕಟ್ಟು ಸಣ್ಣದಾದರೆ ಸಾಲದು, ದೊಡ್ಡದಾದರೆ ಮಿಗುತ್ತದೆ. ಮಿಕ್ಕದ್ದು ಮುಂದಿನ ಜಾತ್ರೆಯವರೆಗೆ ಜೇಬಿನೊಳಗೆ ಕಚಗುಳಿ ಇಡುತ್ತಿರುತ್ತದೆ.

ಈಗ ಕೂಡಿಸಿ. 20 ದಿನ, ದಿನಕ್ಕೆ 2 ಗಂಟೆಯಂತೆ 40 ಗಂಟೆ. ಅದರ ಮೇಲೆ 13 ಗಂಟೆ 20 ನಿಮಿಷ. ಒಟ್ಟು 53 ಗಂಟೆಗೂ ಹೆಚ್ಚು. 8 ಗಂಟೆಯ ಪಾಳಿಯ ಲೆಕ್ಕದಲ್ಲಿ ಆರೂವರೆ ಪಾಳಿಗೂ ಮಿಗಿಲು, ಎಂದರೆ ಒಂದು ವಾರದ ದುಡಿಮೆ. ಫೋನು ಅವನದು, ಡೇಟಾ ಅವನದು, ಕರೆಂಟು ಅವನದು, ನಿದ್ದೆ ಅವನದು. ಬಂದ ಬೆಳೆ ಬೊಂಬೆಯ ಅಂಗಿ. ಆ ಅಂಗಿಯಾದರೂ ಅವನದೇ? ಅದೂ ಅಲ್ಲ! ಓದದೆ ಒಪ್ಪಿಗೆ ಒತ್ತುವ ಕರಾರು ಪತ್ರಗಳಲ್ಲಿ ಇಂಥ ಕಂಪನಿಗಳು ಸಾಮಾನ್ಯವಾಗಿ ಬರೆದುಕೊಂಡಿರುವುದು ಒಂದೇ ಮಾತು: ಆಟದೊಳಗಿನ ಸಾಮಾನು ಆಟಗಾರನ ಸ್ವತ್ತಲ್ಲ, ಬಳಸಲು ಕೊಟ್ಟ ಪರವಾನಗಿ ಮಾತ್ರ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಇಲ್ಲಿನ ಆಟ ಪೂರ್ತಿ ನಿಂತಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು. ಪಬ್‌ಜಿಯ ಬದಲಿಗೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಅಂಗಡಿಯಿಂದ ಇಳಿಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಸರಕಾರದ ಕಾರಣಗಳು ಸರಕಾರಕ್ಕೆ, ಕಂಪನಿಯ ಸಂಧಾನಗಳು ಕಂಪನಿಗೆ. ಇದರ ನಡುವೆ ಆಡಿದವನ ವರ್ಷಗಟ್ಟಲೆಯ ಸಂಗ್ರಹ ಎಲ್ಲಿತ್ತು, ಏನಾಯಿತು ಎಂದು ಅವನನ್ನು ಕೇಳಿದವರು ಯಾರು? ಒಡೆಯ ಬದಲಾದಾಗ ಒಕ್ಕಲನ್ನು ಕೇಳುವ ಪದ್ಧತಿ ಹಿಂದೆಯೂ ಇರಲಿಲ್ಲ.

ಕಾಗೋಡು ಕಲಿಸಿದ ಪಾಠ

ನಮ್ಮ ಜಿಲ್ಲೆಯವರಿಗೆ ಈ ಕಥೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು. ಅವರ ದೊಡ್ಡ ದೂರುಗಳಲ್ಲಿ ಒಂದು ಕೊಳಗದ್ದು. ಗೇಣಿಯ ಭತ್ತವನ್ನು ಒಡೆಯ ಅಳೆದುಕೊಳ್ಳುವ ಕೊಳಗ ದೊಡ್ಡದು. ಭತ್ತ ಅದೇ, ಕಣ ಅದೇ, ಬೆವರು ಅದೇ. ಅಳೆಯುವ ಪಾತ್ರೆ ಮಾತ್ರ ಒಡೆಯನ ಕೈಯಲ್ಲಿ. ಅಳತೆ ನ್ಯಾಯವಾಗಿರಲಿ ಎಂದು ಕೇಳಿದ್ದಕ್ಕೆ ಒಕ್ಕಲುಗಳು ಜೈಲು ಕಂಡರು. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಚಳವಳಿಗೆ ನಾಯಕತ್ವ ಕೊಟ್ಟರು, ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಎಂಬ ಕೂಗು 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ನಡೆದುಬಂದ ದಾರಿ ಇಲ್ಲಿಂದ ಹಾದು ಹೋಗಿದೆ.

ಆಟದ ಹಬ್ಬದಲ್ಲಿ ಕೊಳಗ ಯಾರ ಕೈಯಲ್ಲಿದೆ ನೋಡಿ. ದಿನಕ್ಕೆ 40 ಎಂದವರು ಯಾರು? ಅಂಗಿಗೆ 1,000 ಎಂದವರು ಯಾರು? 21 ದಿನ ಎಂದವರು ಯಾರು? ಒಂದು ದಿನ ತಪ್ಪಿದರೆ ತೀರದ ಹಾಗೆ ಮಾಡಿದವರು ಯಾರು? ಎಲ್ಲಕ್ಕೂ ಒಂದೇ ಉತ್ತರ. ಮಧ್ಯದಲ್ಲಿ ದರ ಬದಲಿಸಿದರೆ ಕೇಳುವವರಿಲ್ಲ. ಕಾಗೋಡಿನ ಒಕ್ಕಲಿಗೆ ಕಡೆಯ ಪಕ್ಷ ಒಡೆಯನ ಮನೆ ಎಲ್ಲಿದೆಯೆಂದು ಗೊತ್ತಿತ್ತು. ಭದ್ರಾವತಿಯ ಹುಡುಗನ ಒಡೆಯ ಸಿಂಗಪುರದಲ್ಲಿದ್ದಾನೋ ಕೊರಿಯಾದಲ್ಲಿದ್ದಾನೋ, ಅವನ ಬಾಗಿಲು ತಟ್ಟುವುದು ಹೇಗೆ?

ಗಾಂಧಿ ಬಜಾರಿನ ಅಂಗಡಿಕಾರ ಮಿತ್ರರನ್ನೂ ಇಲ್ಲಿ ಕೇಳುತ್ತೇವೆ. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಕಾನೂನುಮಾಪನ ಇಲಾಖೆಯ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ದಂಡ. ನೀವು ಮಾರುವ ಪೊಟ್ಟಣದ ಮೇಲೆ ಬೆಲೆಯನ್ನು ರೂಪಾಯಿಯಲ್ಲಿ ಅಚ್ಚು ಹಾಕಿರಬೇಕು. ಇದು ಸರಿಯಾದ ಕಾನೂನು. ನಾವು ಅದರ ಪರ. ಆದರೆ ಕಾಲು ಕಿಲೋ ಬೇಳೆ ಮಾರುವವನಿಗೆ ಇರುವ ನಿಯಮ, ಊರಿನ ಹುಡುಗರಿಗೆಲ್ಲ ಪೆಟ್ಟಿಗೆ ಮಾರುವ ಕಂಪನಿಗೆ ಏಕಿಲ್ಲ? ಅದರ ಬೆಲೆ ರೂಪಾಯಿಯಲ್ಲಿಲ್ಲ, ಅಳತೆಗೆ ಮುದ್ರೆಯಿಲ್ಲ, ಪೆಟ್ಟಿಗೆಯೊಳಗೆ ಏನಿದೆಯೆಂಬುದೂ ಬಿಚ್ಚುವ ತನಕ ತಿಳಿಯದು. ನೀವು ಹೀಗೆ ವ್ಯಾಪಾರ ಮಾಡಿದರೆ ಮರುದಿನವೇ ಅಂಗಡಿಗೆ ಬೀಗ ಬೀಳುತ್ತದೆ.

ರಂಗೋಲಿ ಸಿಗದ ದೀಪಾವಳಿ

ಆಡುವವರು ಪಡ್ಡೆ ಹುಡುಗರು, ನಮಗೇನು ಎನ್ನುವ ಹಿರಿಯರು 2019ರ ದೀಪಾವಳಿಯನ್ನು ನೆನಪಿಸಿಕೊಳ್ಳಲಿ. ಗೂಗಲ್ ಪೇ ಆಗ ಐದು ಮುದ್ರೆಗಳನ್ನು ಹೊರಡಿಸಿತು: ದೀಪ, ಜುಮಕಿ, ಹೂವು, ಲಾಂದ್ರ, ರಂಗೋಲಿ. ಐದನ್ನೂ ಕೂಡಿಸಿದವರಿಗೆ 251 ರೂಪಾಯಿ. ಅದೃಷ್ಟ ಒಲಿದವರಿಗೆ 1 ಲಕ್ಷದ ಆಸೆ. ನಾಲ್ಕು ಸಿಕ್ಕುತ್ತಿದ್ದುವು, ರಂಗೋಲಿ ಮಾತ್ರ ಸಿಕ್ಕುತ್ತಿರಲಿಲ್ಲ. ಎದುರು ಮನೆಯ ಅಂಗಳದಲ್ಲಿ ಬಿಟ್ಟಿಯಾಗಿ ಬಿದ್ದಿರುವ ರಂಗೋಲಿಯನ್ನು ದಾಟಿಕೊಂಡು ಹೋಗಿ ದೇಶದ ಓದು ಬಲ್ಲವರೆಲ್ಲ ಫೋನಿನೊಳಗೆ ರಂಗೋಲಿ ಹುಡುಕಿದರು! 2024ರ ದೀಪಾವಳಿಗೆ ಲಾಡು ಬಂತು. ಆರು ಬಗೆಯ ಲಾಡು ಕೂಡಿಸಿದವರಿಗೆ 51ರಿಂದ 1,001 ರೂಪಾಯಿಯವರೆಗೆ. ಅಂಗಡಿಯ ಮುಂದಿನ ಚೌಕಕ್ಕೆ ಫೋನು ಹಿಡಿದು ದುಡ್ಡು ಕೊಟ್ಟ ಗಿರಾಕಿ ಸಾಮಾನು ಎತ್ತಿಕೊಳ್ಳುವುದನ್ನು ಬಿಟ್ಟು ಲಾಡು ಬಂತೇ ಎಂದು ನೋಡುತ್ತ ನಿಂತುದನ್ನು ಅಂಗಡಿಕಾರರು ಕಂಡಿದ್ದಾರೆ. ಅಂಗಡಿ ನಿಮ್ಮದು, ಬಾಡಿಗೆ ನಿಮ್ಮದು, ಉದ್ದರಿ ನಿಮ್ಮದು. ಹಬ್ಬದ ಹೆಸರು ಮಾತ್ರ ಕಂಪನಿಯದಾಯಿತು.

ಇದರಲ್ಲಿ ಕೆಲವರಿಗೆ ನಾಲ್ಕು ಕಾಸು ಬಂದುದು ನಿಜ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯುಕ್ತಿಯನ್ನು ಗಮನಿಸಿ: ಯಾವ ವಸ್ತು ಬೇಕೋ ಅದನ್ನು ಅಪರೂಪ ಮಾಡುವುದು, ಅವಧಿ ಗೊತ್ತುಪಡಿಸುವುದು, ಇನ್ನೊಂದೇ ಒಂದು ಬಂದರೆ ಸಾಕೆಂಬ ಸ್ಥಿತಿಯಲ್ಲಿ ಮನುಷ್ಯನನ್ನು ನಿಲ್ಲಿಸುವುದು. ಓಸಿ ಚೀಟಿ ಬರೆಯುವವನು ನಮ್ಮ ಊರುಗಳಲ್ಲಿ ಎಷ್ಟೋ ಸಂಸಾರಗಳನ್ನು ಬೀದಿಗೆ ತಂದದ್ದು ಇದೇ ಯುಕ್ತಿಯ ಒರಟು ರೂಪದಿಂದ. ಅವನನ್ನು ಹಿಡಿಯಲು ಪೊಲೀಸರಿದ್ದಾರೆ. ನಯವಾಗಿ ಮಾಡುವವನಿಗೆ ಸನ್ಮಾನ.

ಗೇಣಿದಾರನ ಹೆಸರು 'ವಿದ್ಯಾರ್ಥಿ'

ಆಟದ ನಾಣ್ಯಕ್ಕೆ ನಿಜವಾದ ದುಡ್ಡಿನ ಬೆಲೆ ಬಂದರೆ ಆಡುವವನು ಉದ್ಧಾರವಾಗುತ್ತಾನೆ ಎನ್ನುವ ಪಂಡಿತರೂ ಇದ್ದಾರೆ. ಅದನ್ನೂ ಲೋಕ ಮಾಡಿ ನೋಡಿದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಲ್ಲಿ ತರುಣರನ್ನು ಸಾಲಾಗಿ ಕೂರಿಸಿ, ಪಾಳಿಯ ಮೇಲೆ ಪಾಳಿ ಆಟ ಆಡಿಸಿ, ಅವರು ಕೂಡಿಸಿದ ನಾಣ್ಯವನ್ನು ಪಶ್ಚಿಮದ ಹಣವುಳ್ಳ ಆಟಗಾರರಿಗೆ ಮಾರುವ ಕಾರ್ಖಾನೆಗಳೇ ನಡೆದುವು. ಆಡಿದವನಿಗೆ ಕೂಲಿ, ಮಾರಿದವನಿಗೆ ಲಾಭ. ಆಟ ಎಂಬ ಹೆಸರು ಬಂದ ಮಾತ್ರಕ್ಕೆ ಕಾರ್ಖಾನೆ ಕಾರ್ಖಾನೆಯಲ್ಲದೆ ಹೋಗಲಿಲ್ಲ.

2021ರಲ್ಲಿ ಫಿಲಿಪೈನ್ಸ್ ದೇಶದಲ್ಲಿ ಆಕ್ಸಿ ಇನ್ಫಿನಿಟಿ ಎಂಬ ಆಟ ಹಬ್ಬಿತು. ಕೊರೋನಾದಿಂದ ಕೆಲಸ ಕಳೆದುಕೊಂಡವರು ಅದರಲ್ಲಿ ನಾಣ್ಯ ಕೂಡಿಸಿ ಮಾರಿ ಅನ್ನ ತಿನ್ನಲು ಹೊರಟರು. ಆಡಬೇಕಾದರೆ ಮೊದಲು ಆಟದ ಪ್ರಾಣಿಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಬಡವರಲ್ಲಿ ದುಡ್ಡೆಲ್ಲಿ? ಉಳ್ಳವರು ಪ್ರಾಣಿಗಳನ್ನು ಕೊಂಡು ಬಡವರಿಗೆ ಆಡಲು ಕೊಟ್ಟರು. ಬಂದ ಗಳಿಕೆಯಲ್ಲಿ ಪಾಲು ತೆಗೆದುಕೊಂಡರು. ಮಲೆನಾಡಿನ ಯಾವ ಮುದುಕನನ್ನು ಕೇಳಿದರೂ ಇದನ್ನು ಗೇಣಿ ಎನ್ನುತ್ತಾನೆ. ಅವರು ಇಟ್ಟ ಹೆಸರು ಬೇರೆ. ಪ್ರಾಣಿ ಕೊಟ್ಟವನು 'ಮ್ಯಾನೇಜರ್', ದುಡಿಯುವವನು 'ಸ್ಕಾಲರ್'. ಗೇಣಿದಾರನಿಗೆ ವಿದ್ಯಾರ್ಥಿಯ ಹೆಸರು! ಪಾಠ ಹೇಳಿದ ನಮಗೆ ಇಂಥ ವಿದ್ಯಾಭ್ಯಾಸ ಗೊತ್ತಿರಲಿಲ್ಲ. ಮರುವರ್ಷ, 2022ರಲ್ಲಿ, ಆ ನಾಣ್ಯದ ಬೆಲೆ ಒಂದು ಅಮೆರಿಕನ್ ಸೆಂಟಿಗಿಂತಲೂ ಕೆಳಗೆ ಕುಸಿಯಿತು. ಅದೇ ವರ್ಷದ ಮಾರ್ಚಿಯಲ್ಲಿ ಆ ಆಟದ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚಿನ ಸ್ವತ್ತು ಕಳವಾಯಿತು. ಕೂಡಿಸಿದವರ ಕೈಯಲ್ಲಿ ಉಳಿದದ್ದು ಫೋನು ಮತ್ತು ಸಾಲ.

ಆದುದರಿಂದ ನಾಣ್ಯಕ್ಕೆ ಬೆಲೆ ಬರುವುದೂ ಬಾರದಿರುವುದೂ ಮುಖ್ಯವಲ್ಲ. ನಾಣ್ಯ ಟಂಕಿಸುವ ಅಧಿಕಾರವೂ ಅಳೆಯುವ ಅಧಿಕಾರವೂ ಒಬ್ಬನ ಕೈಯಲ್ಲೇ ಇರುವ ತನಕ ದುಡಿಯುವವನು ಸೋಲುತ್ತಾನೆ.

ಕೂಲಿಯೇ ಟೋಕನ್ ಆಗುವ ದಿನ

ಕಾರ್ಮಿಕ ಮಿತ್ರರು ಇಲ್ಲಿ ಕಿವಿಗೊಡಬೇಕು. ಹಿಂದೆ ಇಂಗ್ಲೆಂಡಿನ ಗಿರಣಿ, ಗಣಿಗಳ ಮಾಲಿಕರು ಕೂಲಿಯನ್ನು ದುಡ್ಡಿನಲ್ಲಿ ಕೊಡದೆ ತಮ್ಮದೇ ಟೋಕನ್ನಿನಲ್ಲಿ ಕೊಡುತ್ತಿದ್ದರು. ಆ ಟೋಕನ್ ನಡೆಯುತ್ತಿದ್ದುದು ಮಾಲಿಕನ ಅಂಗಡಿಯಲ್ಲಿ ಮಾತ್ರ. ಬೆಲೆ ಹಾಕುವವನೂ ಮಾಲಿಕನೇ. ಎಡಗೈಯಿಂದ ಕೊಟ್ಟದ್ದನ್ನು ಬಲಗೈಯಿಂದ ಕಿತ್ತುಕೊಳ್ಳುವ ಈ ಪದ್ಧತಿಯ ವಿರುದ್ಧ ಅಲ್ಲಿ 1831ರಲ್ಲಿ ಕಾಯಿದೆ ಬಂತು. ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯಿದೆ ಕೂಲಿಯನ್ನು ಚಲಾವಣೆಯ ನಾಣ್ಯ ಅಥವಾ ನೋಟಿನಲ್ಲೇ ಕೊಡತಕ್ಕದ್ದೆಂದು ವಿಧಿಸಿತು. 2019ರ ವೇತನ ಸಂಹಿತೆಯೂ ಚೆಕ್ಕು, ಬ್ಯಾಂಕು ಖಾತೆಗಳನ್ನು ಸೇರಿಸಿ ಆ ತತ್ತ್ವವನ್ನು ಉಳಿಸಿಕೊಂಡಿದೆ. ಈ ಒಂದು ವಾಕ್ಯಕ್ಕಾಗಿ ಎಷ್ಟು ತಲೆಮಾರಿನ ಕೂಲಿಗಾರರು ಹೋರಾಡಿದ್ದಾರೆಂಬುದನ್ನು ಮರೆಯಬಾರದು.

ಆಟದಲ್ಲಿ ಪಳಗಿದ ಕೈಗೆ ಈಗ ಅದೇ ಆಟವನ್ನು ಕೆಲಸದ ರೂಪದಲ್ಲಿ ಕೊಡುತ್ತಿದ್ದಾರೆ. ಊಟ ಹೊತ್ತು ಮೋಟಾರು ಸೈಕಲ್ಲಿನ ಮೇಲೆ ದುರ್ಗಿಗುಡಿ, ವಿನೋಬನಗರ ಸುತ್ತುವ ಹುಡುಗರನ್ನು ಕೇಳಿ ನೋಡಿ. ಇಷ್ಟು ಗಂಟೆಯೊಳಗೆ ಇಷ್ಟು ಆರ್ಡರು ಮುಟ್ಟಿಸಿದರೆ ಇಷ್ಟು ಮೇಲ್ಕೂಲಿ. ಒಂದು ಕಡಮೆಯಾದರೆ ಆ ಮೇಲ್ಕೂಲಿ ಇಲ್ಲ. ಹಬ್ಬದ ದಿನ, ಮಳೆಯ ದಿನ, ಕ್ರಿಕೆಟ್ಟಿನ ದಿನ ಬೇರೆ ಬೇರೆ ಗುರಿ. ಪರದೆಯ ಮೇಲೆ ಪಟ್ಟಿ ತುಂಬುತ್ತ ಬರುತ್ತದೆ, ಇನ್ನೆರಡೇ ಎನ್ನುತ್ತದೆ. ಬೊಂಬೆಯ ಅಂಗಿಗೆ 200 ಟೋಕನ್ ಕಡಮೆಯಾದ ಹುಡುಗನಿಗೂ ಮೇಲ್ಕೂಲಿಗೆ 2 ಆರ್ಡರು ಕಡಮೆಯಾದ ಹುಡುಗನಿಗೂ ಏನು ಭೇದ? ಒಬ್ಬನು ನಿದ್ದೆ ಕೆಡುತ್ತಾನೆ, ಇನ್ನೊಬ್ಬನು ಕೆಂಪು ದೀಪ ದಾಟುತ್ತಾನೆ.

ಕರ್ನಾಟಕ ಸರಕಾರ 2025ರಲ್ಲಿ ಇಂಥ ಗಿಗ್ ಕೆಲಸಗಾರರಿಗಾಗಿ ಕಾಯಿದೆ ಮಾಡಿತು. ಅವರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕ, ಯಂತ್ರ ಮಾಡುವ ತೀರ್ಮಾನಗಳ ಬಗೆಗೆ ಕೆಲಸಗಾರನಿಗೆ ತಿಳಿಸಬೇಕೆಂಬ ಕಟ್ಟಳೆ ಅದರಲ್ಲಿವೆ. ಒಳ್ಳೆಯದು. ಆದರೆ ಕಾಗದದ ಮೇಲಿನ ಹಕ್ಕು ಸಂಘವಿಲ್ಲದವನ ಕೈಗೆ ಬಂದದ್ದನ್ನು ನಾವು ಇನ್ನೂ ಕಂಡಿಲ್ಲ.

ನಮ್ಮವರ ಮಾತಿಗೂ ಉತ್ತರ

ನಮ್ಮ ಪಾಳೆಯದಲ್ಲೇ ಎರಡು ಮಾತು ಕೇಳಿಬರುತ್ತಿವೆ. ಈಗಿನ ಹುಡುಗರು ಕೆಟ್ಟುಹೋದರು, ಫೋನು ಕಿತ್ತು ಭದ್ರಾ ನಾಲೆಗೆ ಎಸೆಯಬೇಕು ಎನ್ನುವುದು ಒಂದು. ಈ ಹಿರಿಯರನ್ನು ವಿನಯದಿಂದ ಕೇಳುತ್ತೇವೆ: 1923ರಿಂದ ಕಬ್ಬಿಣ ಕೊಟ್ಟ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕೆಟ್ಟವರು ಹುಡುಗರೋ? 2015ರಲ್ಲಿ ಕಾಗದದ ಕಾರ್ಖಾನೆಯ ಯಂತ್ರ ನಿಲ್ಲಿಸಿದವರು ಹುಡುಗರೋ? ಅಪ್ಪನಿಗೆ ಸೈರನ್ನು ಇತ್ತು, ಪಾಳಿ ಇತ್ತು, ಬಡ್ತಿ ಇತ್ತು, ಹಬ್ಬಕ್ಕೆ ಬೋನಸ್ಸಿತ್ತು. ಮಗನಿಗೆ ಮೂರು ತಿಂಗಳ ಗುತ್ತಿಗೆ. ದುಡಿದರೆ ಮೇಲೇರುತ್ತೀಯೆ ಎಂದು ಅವನಿಗೆ ಮಾತು ಕೊಡುವ ಸ್ಥಳ ಈ ಊರಿನಲ್ಲಿ ಒಂದೇ ಉಳಿದಿದೆ, ಅದು ಆಟ. ಅಲ್ಲಿ ಮೆಟ್ಟಿಲಿದೆ, ಪದಕವಿದೆ, ಹಬ್ಬಕ್ಕೆ ಬೋನಸ್ಸೂ ಇದೆ. ಸುಳ್ಳು ಬೋನಸ್ಸಿನ ಹಿಂದೆ ಅವನು ಹೋದದ್ದು ನಿಜವಾದ ಬೋನಸ್ಸನ್ನು ನಾವು ಉಳಿಸಿಕೊಡಲಾರದೆ ಹೋದುದರಿಂದ. ಬೈಗುಳದಲ್ಲಿ ಅರ್ಧ ಪಾಲು ನಮಗೂ ಇರಲಿ.

ಎರಡನೆಯ ಮಾತು: ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿಯಾಯಿತು, ಇನ್ನೇನು ಎನ್ನುವುದು. ಆ ಕಾಯಿದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಡೆಸುವವನಿಗೆ 3 ವರ್ಷದವರೆಗೆ ಸೆರೆ, 1 ಕೋಟಿಯವರೆಗೆ ದಂಡ ಎಂದಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರ ಗೋಳನ್ನು ಕಂಡ ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಗೆದ್ದದ್ದನ್ನು ದುಡ್ಡಾಗಿ ಬದಲಿಸಲಾಗದ ಆಟ ಆ ಬಲೆಗೆ ಬೀಳುವುದಿಲ್ಲ. ರೂಪಾಯಿ ಒಳಕ್ಕೆ ಹೋಗಬಹುದು, ಹೊರಕ್ಕೆ ಬರಲಾರದು, ಆದುದರಿಂದ ಜೂಜಲ್ಲ! ದುಡ್ಡು ಮರಳಿ ಬರುವ ಸಂಭವವೇ ಇಲ್ಲದಿರುವುದು ಕಂಪನಿಗೆ ರಕ್ಷಣೆಯಾಯಿತು.

ಬೇರೆ ದೇಶಗಳು ಸುಮ್ಮನೆ ಕುಳಿತಿಲ್ಲ. ಬೆಲ್ಜಿಯಂ 2018ರಲ್ಲೇ ಅದೃಷ್ಟದ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು. ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಗೆನ್ಶಿನ್ ಇಂಪ್ಯಾಕ್ಟ್ ಆಟದ ಕಂಪನಿ 2 ಕೋಟಿ ಡಾಲರು ತೆರುವಂತೆ ಮಾಡಿತು. ನಾಣ್ಯದ ಮೇಲೆ ನಾಣ್ಯ ಹೇರಿ ನಿಜವಾದ ಬೆಲೆಯನ್ನು ಮರೆಮಾಡಿತೆಂಬುದು ಆಪಾದನೆಗಳಲ್ಲೊಂದು. ಅದೇ ವರ್ಷದ ಮಾರ್ಚಿಯಲ್ಲಿ ಯುರೋಪಿನ ಗ್ರಾಹಕ ರಕ್ಷಣಾ ಅಧಿಕಾರಿಗಳು ಆಟದ ಸಾಮಾನಿನ ಬೆಲೆಯನ್ನು ನಿಜವಾದ ಹಣದಲ್ಲಿ ತೋರಿಸಬೇಕೆಂದೂ, ಬೇಡದ ಕಟ್ಟನ್ನು ಗಿರಾಕಿಯ ತಲೆಗೆ ಕಟ್ಟಬಾರದೆಂದೂ ಹೇಳಿದರು. ಬಂಡವಾಳಶಾಹಿ ದೇಶಗಳೇ ಇಷ್ಟನ್ನು ಕೇಳುವಾಗ ನಾವು ಕೇಳಲು ನಾಚಬೇಕೇ?

ನಾವು ಕೇಳುವುದು

ಆಟ ನಿಲ್ಲಲಿ ಎಂದು ನಾವು ಕೇಳುವುದಿಲ್ಲ. ದುಡಿದು ಬಂದವನಿಗೆ ಆಟ ಬೇಕು. ಚೌಕಾಬಾರವೋ, ಕಬಡ್ಡಿಯೋ, ಫೋನಿನದೋ, ಅವನಿಷ್ಟ. ಕೊಳಗಕ್ಕೆ ಮುದ್ರೆ ಬೀಳಲಿ ಎನ್ನುತ್ತೇವೆ.

ಒಂದು, ಆಟದೊಳಗಿನ ಪ್ರತಿ ಸಾಮಾನಿನ ಬೆಲೆಯೂ ರೂಪಾಯಿಯಲ್ಲಿರಲಿ. ಎರಡು, ದುಡ್ಡು ಕೊಟ್ಟು ಕೊಂಡ ನಾಣ್ಯ ಅವಧಿ ಮುಗಿದರೆ ದುಡ್ಡು ಮರಳಲಿ. ಮೂರು, ಹಬ್ಬದ ಒಟ್ಟು ಕೆಲಸವನ್ನು ಬಿಡುವಾದ ದಿನ ಮಾಡಿ ಮುಗಿಸುವ ಅವಕಾಶವಿರಲಿ, ದಿನಹಾಜರಿಯ ಕಟ್ಟು ಬೇಡ; ಪಾಳಿ ಬದಲಾಗುವ ಕೂಲಿಗಾರನಿಗೆ ಅದು ಬಲೆ. ನಾಲ್ಕು, ಅದೃಷ್ಟದ ಪೆಟ್ಟಿಗೆಯನ್ನು ಮಕ್ಕಳಿಗೆ ಮಾರಕೂಡದು. ಐದು, ಮೇಲ್ಕೂಲಿಯ ಗುರಿ ಮತ್ತು ದರಗಳನ್ನು ಬರಹದಲ್ಲಿ ಮೊದಲೇ ಪ್ರಕಟಿಸಲಿ, ನಡುವೆ ಬದಲಿಸಕೂಡದು, ಗುರಿ ಮುಟ್ಟದವನಿಗೂ ಮುಟ್ಟಿಸಿದಷ್ಟರ ಪಾಲು ಸಲ್ಲಲಿ.

ಸರಕಾರ ಇದನ್ನು ಮಾಡುವ ತನಕ ಆಡುವ ತರುಣರು ಮಾಡಬಹುದಾದ ಕೆಲಸವೂ ಒಂದುಂಟು. ಯಾವ ಪಂದ್ಯಕ್ಕೆ ಎಷ್ಟು ಟೋಕನ್, ಬೇಗ ಕೂಡಿಸುವುದು ಹೇಗೆ ಎಂದು ಯೂಟ್ಯೂಬಿನಲ್ಲಿ ಪಾಠ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಅವರ ಲೆಕ್ಕದಲ್ಲಿ ನಿಮ್ಮ ಗಂಟೆಗೆ ಬೆಲೆ ಸೊನ್ನೆ. ನೀವು ಒಂದು ನೋಟುಬುಕ್ಕು ಇಡಿ. ಹಬ್ಬ ಮೊದಲಾದ ದಿನವೇ ಬೇಕಾದ ಸಾಮಾನಿನ ಬೆಲೆ, ದಿನದ ಗಳಿಕೆ, ಒಟ್ಟು ದಿನ, ನಿಮ್ಮ ಪಾಳಿಯಿಂದ ತಪ್ಪುವ ದಿನಗಳನ್ನು ಬರೆದು ಕೂಡಿಸಿ. ನಿತ್ಯದ ಕೆಲಸದಲ್ಲೇ ತೀರುವುದಾದರೆ ಆಡಿ. ತೀರದೆಂದು ಕಂಡರೆ ಮೊದಲ ದಿನವೇ ಆ ಸಾಮಾನಿನ ಆಸೆ ಬಿಟ್ಟು, ಕೈಗೆ ಎಟುಕುವ ಸಣ್ಣದನ್ನು ಕೊಂಡು ಎದ್ದುಬಿಡಿ. ಕೊನೆಯ ದಿನದ ಕೊರತೆಗೆ ಕಾಸನ್ನಾಗಲಿ ಪಾಳಿಯನ್ನಾಗಲಿ ಕೊಡಬೇಡಿ. ಇಡೀ ಜಾತ್ರೆ ಕಟ್ಟಿರುವುದೇ ಆ ಕೊರತೆಗಾಗಿ.

ಆ ಬೆಳಿಗ್ಗೆ ನಾವು ಚಂದಾ ಪುಸ್ತಕದ ಹಿಂದುಗಡೆಯ ಹಾಳೆಯಲ್ಲಿ 53 ಗಂಟೆಯ ಲೆಕ್ಕ ಬರೆದು ಹುಡುಗನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿದ. "ಇಷ್ಟು ಹೊತ್ತು ಓವರ್‌ಟೈಮ್ ಮಾಡಿದ್ರೆ ನಿಜವಾದ ಅಂಗಿ ನಾಲ್ಕು ಬರ್ತಿತ್ತು ಅಲ್ವಾ ಮೇಷ್ಟ್ರೇ" ಎಂದ. ಆಮೇಲೆ ಸ್ವಲ್ಪ ತಡೆದು, "ಆದ್ರೆ ನಮಗೆ ಓವರ್‌ಟೈಮ್ ಎಲ್ಲಿ ಕೊಡ್ತಾರೆ?" ಎಂದ.

ಅವನು ಮಧ್ಯಾಹ್ನ ಪಾಳಿಗೆ ಹೋದನೋ ಇಲ್ಲವೋ ನಾವು ವಿಚಾರಿಸಲಿಲ್ಲ. ಅವನ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಗುತ್ತಿಗೆ ಕಾರ್ಮಿಕರ ಓವರ್‌ಟೈಮ್, ಡೆಲಿವರಿ ಹುಡುಗರ ಮೇಲ್ಕೂಲಿ, ಅಂಗಡಿಕಾರರ ಹಬ್ಬದ ವ್ಯಾಪಾರ, ಈ ಮೂರನ್ನೂ ಒಂದೇ ಹೋರಾಟವೆಂದು ತಿಳಿದು ಕೂಡಿ ನಿಲ್ಲೋಣ. ತರುಣರೇ, ನೋಟುಬುಕ್ಕು ತುಂಬಿದ ಮೇಲೆ ಸಂಘದ ಕಚೇರಿಗೆ ತನ್ನಿ. ಅಳತೆಯ ಮಾತನ್ನು ಕಾಗೋಡಿನ ಅಕ್ಷರ ಬಾರದ ರೈತರು ಕೇಳಿ ಗೆದ್ದಿದ್ದಾರೆ. ಹತ್ತು ಹನ್ನೆರಡು ತರಗತಿ ಓದಿದ ನಾವು ಕೇಳದೆ ಹೋದರೆ ಅವರಿಗೆ ಮುಖ ತೋರಿಸುವುದು ಹೇಗೆ?